ಬುಧವಾರದ ಒದ್ದೆ ಅರಿವೆ

ಹುಮನಾಬಾದಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಲ್ಲುಕುಟಿಗ ಕಾಕಾ ಯುದ್ಧಕಾಲದಲ್ಲಿ ಬರ್ಮಾದಿಂದ ನಡೆದುಕೊಂಡೇ ಬಂದವರಂತೆ. ಸವೆದ ಬೀಸುವ ಕಲ್ಲುಗಳನ್ನು ಉಳಿಯಿಂದ ಮತ್ತೆ ಒರಟು ಮಾಡಿಕೊಡುವುದು ಅವರ ಹೊಟ್ಟೆಪಾಡು. ಉಳಿದ ಹೊತ್ತೆಲ್ಲ ಮುಖವಿಲ್ಲದ, ಕೈಕಾಲಿಲ್ಲದ ಆಕಾರಗಳನ್ನು ಕೆತ್ತುತ್ತಿದ್ದರು. ಅವನ್ನು ಯಾರೂ ಕೊಳ್ಳುತ್ತಿರಲಿಲ್ಲ.

ಬಸವಕಲ್ಯಾಣದ ಕಡೆಯಿಂದ ಗಾಡಿಯಲ್ಲಿ ತರಿಸಿ ಕೆತ್ತಿದ ಒಂದು ಕರಿಕಲ್ಲು ಅವರ ಬಾಗಿಲ ಬಳಿ ಇತ್ತು. ಸೊಂಟದೆತ್ತರ, ಮೇಲೆ ತೊಟ್ಟಿಲಿನಂಥ ನುಣುಪಾದ ತಗ್ಗು. ಓಣಿಯ ಹೆಂಗಸರೆಲ್ಲ ಮಂಗಳವಾರ ಅದಕ್ಕೆ ಎಣ್ಣೆ ಸುರಿದು ಸಿಂದೂರ ಹಚ್ಚುತ್ತಿದ್ದೆವು. ಬುಧವಾರ ಕಾಕಾ ಒದ್ದೆ ಅರಿವೆಯಿಂದ ಒರೆಸುತ್ತಿದ್ದರು. "ಇದು ದೇವರಲ್ರೀ, ಬರೇ ಕಲ್ಲು" ಎನ್ನುತ್ತಿದ್ದರು. ಸಿಟ್ಟು ಮಾಡಿದ್ದನ್ನು ನಾನು ಕಾಣೆ.

ನನ್ನ ಮಗಳಿಗೆ ಜ್ವರ ಬಿಡದಿದ್ದಾಗ ಹರಕೆ ಹೊತ್ತು, ಅವಳನ್ನು ಆ ತಗ್ಗಿನಲ್ಲಿ ಮಲಗಿಸಿ ಕೈಮುಗಿದೆ. ಅಳತೆ ತೆಗೆದು ಕೆತ್ತಿದ ಹಾಗೆ ಕೂಸು ಅದರಲ್ಲಿ ಹಿಡಿಸಿತು. ಅವರು ಒಳಗಿನಿಂದ ಓಡಿ ಬಂದರು.

"ಎತ್ಕೋ ಅವ್ವಾ, ಮೊದಲ ಎತ್ಕೋ!"

"ಯಾಕ್ರಿ ಕಾಕಾ?"

ಅವರೇ ಕೂಸನ್ನು ಎತ್ತಿ ನನ್ನ ಕೈಗೆ ಕೊಟ್ಟರು. "ಬರ್ಮಾದಿಂದ ಬರೋ ದಾರ್ಯಾಗ ನನ್ನ ಕೂಸು ಸತ್ತಾಗ ಹಿಂಗ ಒಂದು ಕಲ್ಲಿನ ಮ್ಯಾಲ ಮಲಗಿಸಿ ಬಂದೀನಿ. ತಿರುಗಿ ನೋಡ್ಲಿಲ್ಲ."

ನನ್ನ ಮಗಳು ಬದುಕಿದಳು. ಓಣಿಯವರು ಕಲ್ಲಿನ ಮಹಿಮೆ ಎಂದರು. ಕಾಕಾ ತೀರಿಕೊಂಡ ಮೇಲೆ ಕಟ್ಟೆ ಕಟ್ಟಿ, ಕಲ್ಲಿಗೆ ಬೆಳ್ಳಿಯ ಕಣ್ಣು ಅಂಟಿಸಿದರು. ಮಂಗಳವಾರ ಈಗಲೂ ಎಣ್ಣೆ ಬೀಳುತ್ತದೆ. ಬುಧವಾರ ನಾನು ಒದ್ದೆ ಅರಿವೆ ಹಿಡಿದು ಹೋಗಿ, ಆ ತಗ್ಗನ್ನಷ್ಟೇ ಒರೆಸಿ ಬರುತ್ತೇನೆ.