ನಾನು ಸಹಿ ಮಾಡಿದೆ, ಅಕ್ಕ ಮಾಡಲಿಲ್ಲ

ಅಪ್ಪ ಸತ್ತು ವರ್ಷ ತುಂಬಿದ ಮರುವಾರ ಅಣ್ಣ ಅಕ್ಕತಂಗಿಯರಾದ ನಮ್ಮಿಬ್ಬರನ್ನೂ ಇಂಡಿ ಪಟ್ಟಣದ ರಜಿಸ್ಟರ್ ಆಫೀಸಿಗೆ ಕರೆದುಕೊಂಡು ಹೋದ. ನಾನು ಸಿಂದಗಿಯಲ್ಲಿ ಶಾಲೆಯ ಟೀಚರು. ಅಕ್ಕ ನಮ್ಮೆಲ್ಲರಿಗಿಂತ ದೊಡ್ಡವಳು. ಗಂಡ ಬಿಟ್ಟ ಮೇಲೆ ತವರಿಗೆ ಬಂದು, ಹನ್ನೆರಡು ವರ್ಷ ಅಪ್ಪನ ನಿಂಬೆ ತೋಟದಲ್ಲಿ ಮುಳ್ಳು ಚುಚ್ಚಿಸಿಕೊಂಡು ದುಡಿದಿದ್ದಳು. ಆಳುಗಳಿಗೆ ಕೂಲಿ ಸಿಗುತ್ತಿತ್ತು, ಅವಳಿಗೆ ಊಟ.

ದಾರಿಯಲ್ಲಿ ಅಣ್ಣ ಚಹಾ ಕುಡಿಸಿದ. "ಹೊಲ ನನ್ನ ಹೆಸರಿಗೆ ಆಗಬೇಕು, ಅಷ್ಟ. ನಿಮಗ ತವರಮನಿ ಎಲ್ಲಿ ಹೋಗತೈತಿ?" ಎಂದ.

ಕಾಗದದಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು. ಹೆಣ್ಣುಮಕ್ಕಳ ಹಕ್ಕಿನ ಪಾಠ ಮಾಡುವವಳೇ ನಾನು. ಆದರೂ ಸಹಿ ಮಾಡಿದೆ. ತವರಿನ ಬಾಗಿಲು ಮುಚ್ಚಿಸಿಕೊಂಡ ಹೆಂಗಸರನ್ನು ನೋಡಿದ್ದೆ. ಅವರಲ್ಲೊಬ್ಬಳಾಗುವ ಧೈರ್ಯ ನನಗಿರಲಿಲ್ಲ.

ಅಕ್ಕನಿಗೆ ಓದು ಬಾರದು. ಗುಮಾಸ್ತ ಅವಳ ಹೆಬ್ಬೆರಳಿಗೆ ಕೈ ಚಾಚಿದಾಗ ಹಿಂದೆ ಎಳೆದುಕೊಂಡಳು.

"ಏನ್ ಬರದೈತ್ರಿ ಇದರಾಗ?"

"ನಿಮ್ಮ ಪಾಲು ತಮ್ಮಗ ಬಿಟ್ಟುಕೊಟ್ಟೀರಿ ಅಂತ."

"ಒಲ್ಲೆರಿ."

ಅಣ್ಣ ನಗಲು ನೋಡಿದ. "ಅಕ್ಕಾ, ಮಂದಿ ನೋಡಾಕತ್ತಾರ."

"ನೋಡ್ಲಿ. ಆ ಗಿಡಕ್ಕ ನಾ ನೀರು ಹೊತ್ತೇನಿ. ನನ್ನ ಪಾಲು ನನಗ ಇರ್ಲಿ."

ಅಣ್ಣ ಅಲ್ಲಿಂದಲೇ ಮನೆಗೆ ಫೋನು ಮಾಡಿದ್ದ. ಊರಿಗೆ ಮರಳುವಷ್ಟರಲ್ಲಿ ಅವಳ ಟ್ರಂಕು ಬೀದಿಯಲ್ಲಿತ್ತು. ಹೊಸ್ತಿಲಲ್ಲಿ ಅವ್ವನೇ ನಿಂತಿದ್ದಳು.

"ಹಡದ ದಿನಾನ ನಿನ್ನ ಕುತ್ತಿಗಿ ಹಿಚುಕಬೇಕಿತ್ತು," ಎಂದಳು. ಕಿರುಚಲಿಲ್ಲ. ಮೆಲ್ಲಗೆ, ಎಷ್ಟೋ ದಿನ ಯೋಚಿಸಿ ಇಟ್ಟುಕೊಂಡಿದ್ದ ಮಾತಿನಂತೆ ಹೇಳಿದಳು.

ಅಕ್ಕ ಟ್ರಂಕು ಹೊತ್ತು ತೋಟಕ್ಕೆ ನಡೆದಳು. ಪಂಪಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಉಳಿದಳು. ಅಣ್ಣ ಮೋಟಾರಿನ ವೈರು ಕಿತ್ತ. ಅವಳೊಂದಿಗೆ ಮಾತಾಡಿದವರು ನಮ್ಮ ಮನೆ ಹತ್ತಬಾರದೆಂದು ಅವ್ವ ಓಣಿಗೆಲ್ಲ ಹೇಳಿದಳು. ಅಕ್ಕ ಇಂಡಿ ಕೋರ್ಟಿನಲ್ಲಿ ಕೇಸು ಹಾಕಿದಳು.

ಅಣ್ಣನ ಪರ ಸಾಕ್ಷಿ ಹೇಳಿದವಳು ನಾನು. "ಮದುವ್ಯಾಗ ಬಂಗಾರ ತಗೊಂಡು ಪಾಲು ಬ್ಯಾಡ ಅಂದಾಳ್ರಿ, ನನ್ನ ಮುಂದನ," ಎಂದೆ. ಅಂಥ ಮಾತೇ ನಡೆದಿರಲಿಲ್ಲ. ಅವಳ ಮದುವೆಯಾದಾಗ ನನಗೆ ಒಂಬತ್ತು ವರ್ಷ.

ಕೇಸು ನಡೆಯುತ್ತಿರುವಾಗಲೇ ಅವ್ವ ಸತ್ತಳು. ನಮ್ಮ ಪದ್ಧತಿಯಂತೆ ಹೆಣವನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದೆವು. ಸುದ್ದಿ ಕೇಳಿ ಅಕ್ಕ ಬರಿಗಾಲಲ್ಲಿ ಓಡಿ ಬಂದಳು. ಅಣ್ಣ ಬಾಗಿಲಿಗೆ ಅಡ್ಡ ನಿಂತ.

"ಕೇಸು ತಗೀತೇನಿ ಅನ್ನು, ಒಳಗ ಬಾ."

"ಒಮ್ಮೆ ಅವ್ವನ ಮಾರಿ ನೋಡಿ ಹೋಗ್ತೇನಿ, ತಮ್ಮಾ."

"ಮೊದಲ ಅನ್ನು."

ಅವಳು ಅನ್ನಲಿಲ್ಲ. ಬಿಸಿಲಲ್ಲಿ ನಿಂತೇ ಇದ್ದಳು. ಹೆಣ ಹೊರಗೆ ತಂದಾಗ ಗಂಡಸರು ಸುತ್ತುಗಟ್ಟಿ ಅವಳನ್ನು ಗೋಡೆಗೆ ಒತ್ತಿಬಿಟ್ಟರು. ನಾನು ಒಳಗೆ ಅಣ್ಣನ ಹೆಂಡತಿ ವೈನಿಯ ಹೆಗಲ ಮೇಲೆ ತಲೆಯಿಟ್ಟು ಅಳುತ್ತಿದ್ದೆ. ಹಿತ್ತಲ ಬಾಗಿಲ ಚಿಲಕ ನನ್ನ ಕೈಗೆ ಎಟಕುವಷ್ಟು ಹತ್ತಿರದಲ್ಲಿತ್ತು. ತೆಗೆಯಲಿಲ್ಲ.

ಕೋರ್ಟು ನನ್ನ ಮಾತನ್ನು ನಂಬಲಿಲ್ಲ. ಅಕ್ಕನಿಗೆ ಪಾಲು ಸಿಕ್ಕಿತು. ಈಗ ಅವಳೇ ಇಂಡಿ ಬಜಾರಿಗೆ ನಿಂಬೆಹಣ್ಣು ಒಯ್ಯುತ್ತಾಳೆ.

ಹೋದ ವರ್ಷ ತೋಟಕ್ಕೆ ಹೋದೆ. ಹಣ್ಣು ಆರಿಸುತ್ತಿದ್ದಳು. ಕೈಯೆಲ್ಲ ಗೀರು. ಬೈಯುತ್ತಾಳೆಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿದ್ದೆ. ಕೂರಲು ಒಂದು ಖಾಲಿ ಚೀಲ ನನ್ನ ಕಡೆ ಸರಿಸಿದಳು, ಕೂತೆ. ತಲೆ ಎತ್ತದೆ ಕೇಳಿದಳು.

"ಅವ್ವ ಕಡೀಕ ನನ್ನ ಹೆಸರು ತಗೊಂಡ್ಲೇನು?"

ಕೋರ್ಟಿನಲ್ಲಿ ಅಷ್ಟು ಸಲೀಸಾಗಿ ಸುಳ್ಳು ಹೇಳಿದ ಬಾಯಿ ಇದು. ಅವತ್ತು ಸುಳ್ಳು ಬರಲಿಲ್ಲ.

"ಇಲ್ಲ," ಎಂದೆ.

ಅಕ್ಕ ತಲೆಯಾಡಿಸಿ, ಕೊಳೆತ ಹಣ್ಣೊಂದನ್ನು ಎಸೆದು, "ಬಸ್ಸಿನ ಹೊತ್ತಾತು, ನಡಿ," ಎಂದಳು.