ನಿಲ್ಸ್ ಉಂಡು ಹೋದ

ಇಂಥ ಸಂಗತಿಯನ್ನು ಬೇರೆಯವರು ಹೇಳಿದರೆ ನಾನು ನಗುವವಳು. ನನ್ನ ನಾದಿನಿ ಒಮ್ಮೆ, ತೀರಿಹೋದ ಮಾವನವರು ಹಿತ್ತಲಲ್ಲಿ ನಿಂತಿದ್ದರು ಎಂದಾಗ, "ಏನ ಉಟ್ಟಿದ್ದರು?" ಎಂದು ಕೇಳಿದೆ. "ಬಿಳೀ ಧೋತರ" ಎಂದಳು. "ಅದು ನಿನ್ನ ಗಂಡನ ಧೋತರ. ಒಣಗಲಿಕ್ಕೆ ಹಾಕಿ ತಗಿಯೂದು ಮರ್ತೀ" ಎಂದೆ. ಆರು ತಿಂಗಳು ನನ್ನೊಡನೆ ಮಾತು ಬಿಟ್ಟಿದ್ದಳು. ಈಗ ಹೇಳುವ ಸರದಿ ನನ್ನದು. ಫೋನಿನಲ್ಲಿ ಕನ್ನಡ ಒತ್ತಲು ಕಲಿತು ಒಂದು ತಿಂಗಳಾಯಿತು, ಅದೂ ಒಂದೇ ಬೆರಳಿನಲ್ಲಿ. ನಗುವುದಿದ್ದರೆ ಪೂರ್ತಿ ಓದಿ ನಗಿ.

ಎರಡು ಚಳಿಗಾಲದ ಹಿಂದಿನ ಮಾತು. ಅಮೆರಿಕದ ಪ್ಲೇನ್‌ಫೀಲ್ಡಿನ ಮಗಳ ಮನೆಯಲ್ಲಿದ್ದೆ. ಮೊಮ್ಮಗಳು ಅನಘಾ ಕಾಲೇಜಿನಲ್ಲಿ ಸಿನಿಮಾದ ಬಗ್ಗೆ ಓದುವವಳು. ಸ್ವೀಡನ್ ದೇಶದ ಒಂದು ಚಿತ್ರ ನೇಪರ್‌ವಿಲ್‌ನ ಚಿಕ್ಕ ಥಿಯೇಟರಿಗೆ ಬಂದಿದೆ, ಮಧ್ಯಾಹ್ನದ ಆಟಕ್ಕೆ ಹೋಗಬೇಕು ಎಂದಳು. ಮಗಳು "ಅವ್ವಾ, ಭಾಳ ಕತ್ತಲಿ ಕತಿ ಅದು. ಭಾಷಾನೂ ತಿಳಿಯೂದಿಲ್ಲ. ನೀ ಯಾಕ ಹೋಗ್ತೀ?" ಎಂದಳು. ಬೇಡವೆಂದರೆ ನನಗೆ ಹುಮ್ಮಸ್ಸು ಹೆಚ್ಚು. ಶೂ ಹಾಕಿಕೊಂಡು ಕಾರಿನಲ್ಲಿ ಕೂತೇಬಿಟ್ಟೆ.

ಕತೆ ಒಬ್ಬ ಹೆಂಗಸಿನದು. ಹಿಮ ಬೀಳುವ ಊರಿನ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುತ್ತಾಳೆ. ಮುಖ ಒರಟು, ಯಾರೂ ಅವಳ ಪಕ್ಕ ಕೂತು ಉಣ್ಣುವುದಿಲ್ಲ. ಅವಳ ಬೆನ್ನು ಹಳೆಯ ಮರದ ಬೊಡ್ಡೆಯಂತೆ ಪೊಳ್ಳು. ಸಾಕಿದವರು ಅದನ್ನು ಹುಟ್ಟುರೋಗ ಎಂದು ನಂಬಿಸಿದ್ದಾರೆ. ಒಂದು ದಿನ ಕಾಡಿನಿಂದ ಬಂದ ಮುದುಕಿ ತನ್ನ ಬೆನ್ನನ್ನೂ ತೋರಿಸುತ್ತಾಳೆ. ಅದೂ ಪೊಳ್ಳು. ನಿನಗೆ ರೋಗವಿಲ್ಲ, ನೀನು ಮನುಷ್ಯರ ಪೈಕಿ ಅಲ್ಲ, ನಮ್ಮವಳು ಎನ್ನುತ್ತಾಳೆ. ಆದರೆ ತನ್ನವರನ್ನು ಸೇರಬೇಕಾದರೆ ಊರಿನ ಒಂದು ಕೂಸನ್ನು ಕದ್ದು ತರಬೇಕು. ಇಷ್ಟನ್ನು ಅನಘಾ ಕಿವಿಯಲ್ಲಿ ಪಿಸುಗುಟ್ಟಿದಳು. ಉಳಿದದ್ದು ಆ ಹೆಂಗಸಿನ ಮುಖ ನೋಡಿದರೇ ತಿಳಿಯುತ್ತಿತ್ತು. ಅವಳು ಕೂಸನ್ನು ಎತ್ತಿಕೊಂಡಳು, ಹಿಮದಲ್ಲಿ ಅರ್ಧ ದಾರಿ ನಡೆದಳು, ತಿರುಗಿ ಬಂದು ತೊಟ್ಟಿಲಲ್ಲಿ ಮಲಗಿಸಿದಳು. ಆಮೇಲೆ ಅವಳಿಗೆ ಊರೂ ಇಲ್ಲ, ಕಾಡೂ ಇಲ್ಲ. ಮನುಷ್ಯಳಲ್ಲ ಎನ್ನಿಸಿಕೊಂಡವಳೇ ಇಷ್ಟು ಮಾಡಿದಳಲ್ಲ, ಹಾಗಾದರೆ ನಾವು ಯಾವುದಕ್ಕೆ ಮನುಷ್ಯರು ಎಂದು ನನಗೆ ಒಂದು ಥರಾ ಆಯಿತು.

ಅಷ್ಟರಲ್ಲಿ ಗುಳಿಗೆಯ ಹೊತ್ತಾಗಿತ್ತು. ನನಗೆ ಸಕ್ಕರೆ ಕಾಯಿಲೆ. ಹೊಟ್ಟೆಗೆ ಏನಾದರೂ ಹಾಕಿಯೇ ಗುಳಿಗೆ ನುಂಗಬೇಕು. ಹೊರಗಿನ ತಿಂಡಿ ತರಬಾರದು ಎಂದು ಬಾಗಿಲಲ್ಲಿ ಬರೆದಿದ್ದರಂತೆ. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ ಎನ್ನುವುದು ಒಳ್ಳೆಯ ನೆವ. ಪರ್ಸಿನಿಂದ ಜೋಳದ ಕಡಕ್ ರೊಟ್ಟಿ ತೆಗೆದು ಮುರಿದೆ. ತೆರೆಯ ಮೇಲೆ ಹಿಮ, ಸದ್ದಿಲ್ಲ. ಆ ಮೌನದಲ್ಲಿ ನನ್ನ ರೊಟ್ಟಿ ಹಂಚು ಒಡೆದಂತೆ ಸದ್ದು ಮಾಡಿತು.

"ಅಜ್ಜಿ! ಓ ಮೈ ಗಾಡ್, ಸ್ಟಾಪ್!" ಎಂದು ಅನಘಾ ತಿವಿದಳು.

"ಬಾಯಾಗ ಇಟ್ಕೊಂಡು ನೆನಸಿ ತಿಂತೀನಿ, ಸುಮ್ನಿರು."

ಆಗ ನನ್ನ ಎಡಗಡೆಯಿಂದ ಒಂದು ಕೈ ಚಾಚಿತು. ನನ್ನದೇ ವಯಸ್ಸಿನ, ಅಥವಾ ಹತ್ತು ವರ್ಷ ಹಿರಿಯ, ಬಿಳಿಯ ಮುದುಕಿ. ಅವಳ ಆಚೆ ಐವತ್ತು ದಾಟಿದ ಮಗಳು. ನಾನು ಅರ್ಧ ರೊಟ್ಟಿ ಕೊಟ್ಟೆ. ಮುದುಕಿ ಅದನ್ನು ಮೂಸಿದಳು, ಬೆರಳಿನಿಂದ ನಡುವೆ ತಡವಿದಳು, ಮಾತಾಡಿದಳು.

ನಮ್ಮಲ್ಲಿ ಇದರ ನಡುವೆ ತೂತು ಇರುತ್ತಿತ್ತು ಎಂದಳು. ಕೋಲಿಗೆ ಪೋಣಿಸಿ ಒಲೆಯ ಮೇಲೆ ತೂಗು ಹಾಕುತ್ತಿದ್ದೆವು, ಚಳಿಗಾಲವಿಡೀ ಬರುತ್ತಿತ್ತು. "ನಮ್ಮಲ್ಲಿ ಬುಟ್ಟ್ಯಾಗ ಇಡ್ತೀವಿ. ತಿನ್ರಿ" ಎಂದೆ. ಹೇಗೆ ತಿನ್ನಲಿ, ನಿಲ್ಸ್ ಇನ್ನೂ ಬಂದಿಲ್ಲ ಎಂದಳು. ಕೆರೆಯ ಮಂಜುಗಡ್ಡೆಯ ಮೇಲೆ ಹೋದವನು. ಅಣ್ಣ ಬರದೆ ನಮ್ಮ ಮನೆಯಲ್ಲಿ ಯಾರೂ ತುತ್ತು ಎತ್ತುವುದಿಲ್ಲ. ಇವರು ನೋಡಿದರೆ ದಿನಾ ಚಮಚ ಹಿಡಿದು ಬಾಯಿಗೆ ತುರುಕುತ್ತಾರೆ.

ನನಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ನನ್ನ ಅತ್ತೆಯೂ ಹಾಗೇ. ಹೊಲಕ್ಕೆ ಹೋದವರು ಬಂದು ಉಣ್ಣುವ ತನಕ ಹಸಿದು ಕೂರುತ್ತಿದ್ದರು. ಕಡೆಗಾಲದಲ್ಲಿ, ಯಾರೂ ಹೊಲಕ್ಕೆ ಹೋಗದಿದ್ದಾಗಲೂ ಕಾಯುತ್ತಿದ್ದರು. ನಾನು ಸುಳ್ಳು ಹೇಳಿ ಉಣ್ಣಿಸುತ್ತಿದ್ದೆ. ಅದೇ ರೂಢಿಯ ಮೇಲೆ, "ನಿಲ್ಸ್ ಬಂದ. ಉಂಡು ಹೋದ. ಇನ್ನ ನೀ ತಿನ್ನವ್ವಾ" ಎಂದುಬಿಟ್ಟೆ.

ಮುದುಕಿ ನನ್ನನ್ನೇ ನೋಡಿದಳು. ಕೈ ತೊಳೆದುಕೊಂಡನೇ ಎಂದು ಕೇಳಿದಳು. "ಹೂಂ, ಕೈ ತೊಳಕೊಂಡು, ಕುಂತು, ಹೊಟ್ಟಿ ತುಂಬ ಉಂಡ" ಎಂದೆ. ಅವಳು ರೊಟ್ಟಿಯನ್ನು ಚೂರು ಚೂರೇ ಮುರಿದು, ಎಲ್ಲವನ್ನೂ ತಿಂದಳು. ಜೊತೆಗೆ ಕೊಟ್ಟ ಶೇಂಗಾ ಚಟ್ನಿಯನ್ನೂ ಬಿಡಲಿಲ್ಲ. ಆಚೆ ಅವಳ ಮಗಳು ಬಾಯಿಗೆ ಕೈ ಅಡ್ಡ ಹಿಡಿದು ಬಿಕ್ಕುತ್ತಿದ್ದಳು. ಸಿನಿಮಾ ನೋಡಿ ಅಳುತ್ತಾಳೆ ಎಂದುಕೊಂಡೆ.

ಆಟ ಮುಗಿದು ದೀಪ ಹತ್ತಿತು. ಅನಘಾಳ ಮುಖ ಬಿಳಿಚಿಕೊಂಡಿತ್ತು.

"ಅಜ್ಜಿ, ಅವರ ಜೊತೆ ಏನು ಮಾತಾಡ್ತಿದ್ರಿ?"

"ರೊಟ್ಟಿ ಮಾತು. ಪಾಪ, ಛಲೋ ಕನ್ನಡ ಬರ್ತದ ಆಕೀಗೆ. ಎಲ್ಲಿ ಕಲ್ತಾಳೋ ಏನೋ."

"ಅಜ್ಜಿ, ಶಿ ವಾಸ್ ಸ್ಪೀಕಿಂಗ್ ಸ್ವೀಡಿಷ್."

ನಾನು ನಕ್ಕೆ. ಅವಳು ನಗಲಿಲ್ಲ.

ಮುದುಕಿಯ ಮಗಳ ಹೆಸರು ಕ್ಯಾರಿನ್. ಅವಳು ಹೇಳಿದ್ದನ್ನು ಅನಘಾ ತನ್ನ ಒಡಕು ಕನ್ನಡದಲ್ಲಿ ನನಗೆ ದಾಟಿಸಿದಳು. ಅಮ್ಮನಿಗೆ ಮರೆವಿನ ರೋಗ. ಅರವತ್ತು ವರ್ಷ ಆಡಿದ ಇಂಗ್ಲಿಷ್ ಪೂರ್ತಿ ಹೋಗಿ, ಹುಡುಗಿಯಾಗಿದ್ದಾಗಿನ ಸ್ವೀಡಿಷ್ ಮಾತ್ರ ಉಳಿದಿದೆ. ಮಗಳಿಗೆ ಆ ಭಾಷೆ ಕಲಿಸಿರಲಿಲ್ಲ. ಎರಡು ತಿಂಗಳಿಂದ ಆರೈಕೆಯ ಮನೆಯಲ್ಲಿ ಅಮ್ಮ ಊಟ ಬಿಟ್ಟಿದ್ದಾಳೆ. ಮುಂದಿನ ವಾರ ಹೊಟ್ಟೆಗೆ ನಳಿಗೆ ಹಾಕಬೇಕೋ, ಹಾಗೇ ಬಿಡಬೇಕೋ, ಹೇಳಿ ಎಂದು ಡಾಕ್ಟರು ಕೇಳಿದ್ದಾರೆ. ಕೊನೆಗೆ ತನ್ನ ಭಾಷೆಯನ್ನಾದರೂ ಕಿವಿಯಲ್ಲಿ ಕೇಳಲಿ ಎಂದು ಸಿನಿಮಾಕ್ಕೆ ಕರೆತಂದಿದ್ದಳು.

ನಾನು ನಿಲ್ಸ್‌ನ ವಿಷಯ ಹೇಳಿದೆ. ಕ್ಯಾರಿನ್ ಮತ್ತೆ ಕುರ್ಚಿಯಲ್ಲಿ ಕೂತು ಹೇಳಿದಳು. ನಿಲ್ಸ್ ಅಮ್ಮನ ಅಣ್ಣ. ಹದಿನಾಲ್ಕು ವರ್ಷದವನು, ಕೆರೆಯ ಮಂಜು ಒಡೆದು ಮುಳುಗಿದ. ತೂತಿನ ರೊಟ್ಟಿಗಳನ್ನು ಕೋಲಿಗೆ ಪೋಣಿಸಿದ ಒಂದು ಹಳೆಯ ಫೋಟೋ ತನ್ನ ಮನೆಯಲ್ಲಿದೆ ಎಂದಳು.

ಮನೆಗೆ ಬಂದ ಮೇಲೆ ಮಗಳು ಬಿಡಿಸಿ ಬಿಡಿಸಿ ಕೇಳಿದಳು. ಸಿನಿಮಾದಲ್ಲೇ ರೊಟ್ಟಿ ಬಂದಿರಬೇಕು ಎಂದಳು. ಅನಘಾ ಮತ್ತೊಮ್ಮೆ ಹೋಗಿ ನೋಡಿ ಬಂದಳು. ರೊಟ್ಟಿಯೂ ಇಲ್ಲ, ಕೆರೆಯೂ ಇಲ್ಲ. ನಿಮ್ಮ ಅತ್ತೆಯ ನೆನಪನ್ನೇ ನೀವು ಆ ಮುದುಕಿಯ ಬಾಯಲ್ಲಿ ಕೇಳಿದಿರಿ ಎಂದು ಅಳಿಯಂದಿರು ಹೇಳಿದರು. ಇರಬಹುದು. ಆದರೆ ನನ್ನ ಅತ್ತೆ ಮಂಜುಗಡ್ಡೆಯನ್ನು ಐಸ್ ಹಣ್ಣಿನ ಗಾಡಿಯಲ್ಲಿ ಬಿಟ್ಟು ಬೇರೆಲ್ಲೂ ಕಂಡವರಲ್ಲ. ಅನಘಾ ಮಾತ್ರ, "ಅಜ್ಜಿ, ನಿಮ್ಮ ಬೆನ್ನು ತೋರಿಸಿ, ಐ ವಾಂಟ್ ಟು ಚೆಕ್" ಎಂದು ಸೆರಗು ಎಳೆದಳು. "ಬೆನ್ನಿಗೆ ಎಣ್ಣಿ ಹಚ್ಚಿ ತಿಕ್ಕು, ಆಮ್ಯಾಲೆ ಹೇಳ್ತೀನಿ" ಎಂದೆ.

ಆ ಮುದುಕಿಯ ಮಾತು ಧಾರವಾಡದ ಕಡೆಯ ಕನ್ನಡವೋ ಬೆಂಗಳೂರಿನದೋ ಎಂದು ಅನಘಾಳೇ ಇನ್ನೊಂದು ದಿನ ಕೇಳಿದಳು. ಉತ್ತರ ಹೇಳಲು ಹೋಗಿ ತಡವರಿಸಿದೆ. ಅವಳ ದನಿ ನೆನಪಿದೆ, ಹೇಳಿದ ಸಂಗತಿ ನೆನಪಿದೆ. ಶಬ್ದ ಒಂದೂ ನೆನಪಿಲ್ಲ.

ಮೂರನೆಯ ದಿನ ಕ್ಯಾರಿನ್ ನಮ್ಮನ್ನು ಆರೈಕೆಯ ಮನೆಗೆ ಕರೆಸಿದಳು. ಅಂದು ರೊಟ್ಟಿ ತಿಂದ ಮುದುಕಿ ಮತ್ತೆ ಊಟ ಬಿಟ್ಟಿದ್ದಳು. ನನ್ನನ್ನು ಕಂಡು ಬಹಳ ಹೊತ್ತು ಮಾತಾಡಿದಳು. ನಾನು ಕಿವಿಗೊಟ್ಟು ಕೂತೆ. ಒಂದಕ್ಷರ ತಿಳಿಯಲಿಲ್ಲ. "ಏನಂತಾಳೆ?" ಎಂದು ಕ್ಯಾರಿನ್ ಕಣ್ಣಲ್ಲೇ ಕೇಳುತ್ತಿದ್ದಳು. ಏನಾದರೂ ಕಟ್ಟಿ ಹೇಳಬಹುದಿತ್ತು, ಸುಳ್ಳು ನನಗೆ ಕಷ್ಟವಲ್ಲ. ಅವಳ ಮುಖ ನೋಡಿ ಆಗಲಿಲ್ಲ. "ತಿಳೀವಲ್ದು" ಎಂದೆ. ಆದರೂ ನನ್ನ ಮಾತನ್ನು ಇನ್ನೊಮ್ಮೆ ಹೇಳಿ ನೋಡಿದೆ: ನಿಲ್ಸ್ ಬಂದ, ಉಂಡು ಹೋದ, ನೀ ತಿನ್ನು. ಮುದುಕಿ ಬಾಯಿ ತೆರೆದಳು. ಒಂದು ಬಟ್ಟಲು ಗಂಜಿ ಮುಗಿಸಿದಳು.

ಅದೇ ಮಾತನ್ನು ಸ್ವೀಡನ್ನಿನ ನೆಂಟರೊಬ್ಬರಿಂದ ಫೋನಿನಲ್ಲಿ ಹೇಳಿಸಿದರು. ಮುದುಕಿ ಗೋಡೆಗೆ ತಿರುಗಿದಳು. ಇಂಗ್ಲಿಷಿನಲ್ಲಿ ಹೇಳಿದರೂ ಅಷ್ಟೇ. ಕಡೆಗೆ ಕ್ಯಾರಿನ್ ನನ್ನಿಂದ ಕಲಿತಳು. ಅನಘಾ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟಳು. "ಉಂಡು" ಎನ್ನಲು ಕ್ಯಾರಿನ್‌ಗೆ ನಾಲಿಗೆ ಹೊರಳದೆ ನಾಲ್ಕು ದಿನ ಹಿಡಿಯಿತು. ನಳಿಗೆಯ ಮಾತು ಅಲ್ಲಿಗೇ ನಿಂತಿತು.

ಈಗಲೂ ದಿನಾ ಮಧ್ಯಾಹ್ನ ಆ ಬಿಳಿಯ ಹೆಂಗಸು ತಾಯಿಯ ಮುಂದೆ ಕೂತು ಧಾರವಾಡದ ಮಾತಿನಲ್ಲಿ, ನಿಲ್ಸ್ ಉಂಡು ಹೋದ ಎನ್ನುತ್ತಾಳೆ. ತಾಯಿ ಉಣ್ಣುತ್ತಾಳೆ. ಉಂಡ ಮೇಲೆ ಏನೋ ಕೇಳುತ್ತಾಳಂತೆ, ದಿನಾ ಅದನ್ನೇ. ಕ್ಯಾರಿನ್ ನನಗೆ ಫೋನ್ ಹಚ್ಚಿ ಅಮ್ಮನ ಬಾಯಿಯ ಹತ್ತಿರ ಹಿಡಿಯುತ್ತಾಳೆ. ನಾನು ಕಣ್ಣು ಮುಚ್ಚಿ ಕೇಳುತ್ತೇನೆ, ಇವತ್ತಾದರೂ ತಿಳಿದೀತು ಎಂದು. ತಿಳಿಯುವುದಿಲ್ಲ. ಅಂದು ಥಿಯೇಟರಿನಲ್ಲಿ ಅಂದಂತೆಯೇ "ಹೂಂ" ಎನ್ನುತ್ತೇನೆ. ಆ ಕಡೆ ಅವಳು ಸುಮ್ಮನಾಗುತ್ತಾಳೆ.