ರಾಜಿಯ ಲ್ಯಾಪ್‌ಟಾಪ್ ಸಂಜೆಗೆ ಎಚ್ಚರಾಗುತ್ತಿತ್ತು

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ತಮಿಳು ಸೀಮೆಯ ತೇನಿಯಲ್ಲಿ ನನ್ನದೊಂದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇದೆ. ಅಲ್ಲಿಗೆ ಬರುವವರ ಬಾಯಲ್ಲಿ ದಿನವೂ ಕೇಳುವ ಮಾತೆಂದರೆ ‘ತಾನಾಗಿ’. ತಾನಾಗಿ ಆಫ್ ಆಯಿತು, ತಾನಾಗಿ ಒಡೆಯಿತು, ತಾನಾಗಿ ಒದ್ದೆಯಾಯಿತು. ಕೀಬೋರ್ಡ್ ಬಿಚ್ಚಿ ನೋಡಿದರೆ ಒಳಗೆ ಟೀ ಒಣಗಿ ಅಂಟಿಕೊಂಡಿರುತ್ತದೆ, ಜೊತೆಗೆ ಇರುವೆ ಬೇರೆ. ಆದರೂ ಎಲ್ಲ ತಾನಾಗಿಯೇ ಆದದ್ದು! ಯಂತ್ರ ತಾನಾಗಿ ಏನನ್ನೂ ಮಾಡುವುದಿಲ್ಲ, ಯಾರೋ ಮಾಡಿಸಿರುತ್ತಾರೆ, ಇಲ್ಲವೇ ಯಾವುದೋ ಕೆಟ್ಟಿರುತ್ತದೆ ಎಂದು ನಾನು ಗಿರಾಕಿಗಳಿಗೆ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ. ಆದರೆ ಮೊದಲಿನ ಜೋರು ದನಿಯಲ್ಲಿ ಅಲ್ಲ.

ನಮ್ಮ ಮನೆಮಾತು ಕನ್ನಡ. ಕಂಬಂ ಕಣಿವೆಯಲ್ಲಿ ನಮ್ಮವರು ಎಷ್ಟು ತಲೆಮಾರಿನಿಂದ ಬೇಸಾಯ ಮಾಡಿಕೊಂಡಿದ್ದಾರೋ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಓದು ಬರಹವೆಲ್ಲ ತಮಿಳಿನಲ್ಲಿ. ಕನ್ನಡದ ಅಕ್ಷರ ನಾನು ಕಲಿತದ್ದು ಮೈಸೂರಿನಲ್ಲಿ ಡಿಪ್ಲೊಮಾ ಓದುವಾಗ, ಅದೂ ಬಸ್ಸಿನ ಬೋರ್ಡು ಓದಲಾಗದೆ ಬೇರೆ ಯಾವುದೋ ಊರಿನಲ್ಲಿ ಇಳಿದು ಪೇಚಾಡಿದ ಮೇಲೆ. ಆದ್ದರಿಂದ ನನ್ನ ಬರವಣಿಗೆಯಲ್ಲಿ ಅಲ್ಲಲ್ಲಿ ಕಲ್ಲು ಸಿಕ್ಕರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ರಾಜಿ ನನ್ನ ನಾದಿನಿ, ಗಂಡನ ತಂಗಿ. ಅವಳನ್ನು ಕೊಂಬೈ ಹತ್ತಿರದ ಒಂದು ಊರಿಗೆ ಕೊಟ್ಟಿದೆ. ಗಂಡ ಒಡ್ಡನ್‌ಛತ್ರಂ ಮಾರುಕಟ್ಟೆಯಿಂದ ತರಕಾರಿ ಲಾರಿ ಓಡಿಸುತ್ತಾನೆ, ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು. ಮನೆಯಲ್ಲಿ ರಾಜಿ ಮತ್ತು ಅವಳ ಅತ್ತೆ, ಇಬ್ಬರೇ. ದ್ರಾಕ್ಷಿ ಚಪ್ಪರದ ಕೆಲಸಕ್ಕೆ ಹೋದಾಗ ರಾಜಿ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡಳು. ಆಪರೇಷನ್ ಆಯಿತು, ಕೋಲು ಹಿಡಿದು ನಡೆಯುವಂತಾದಳು, ಆದರೆ ದಿನವಿಡೀ ಕೈ ಮೇಲೆತ್ತಿ ಚಪ್ಪರದ ಕೆಳಗೆ ನಿಲ್ಲುವ ಕೆಲಸ ಅಲ್ಲಿಗೆ ಮುಗಿಯಿತು. ಆಮೇಲೆ ಒಂದು ವರ್ಷ ಅವಳು ಯಾರ ಹತ್ತಿರವೂ ಸರಿಯಾಗಿ ಮಾತನಾಡಲಿಲ್ಲ. ದಿಂಡಿಗಲ್ಲಿನ ಒಂದು ಕಂಪನಿಯಲ್ಲಿ ಆಸ್ಪತ್ರೆ ಬಿಲ್ಲುಗಳನ್ನು ಪರಿಶೀಲಿಸುವ, ಮನೆಯಲ್ಲೇ ಕುಳಿತು ಮಾಡುವ ಕೆಲಸ ಸಿಕ್ಕಿದ ಮೇಲೆಯೇ ಅವಳು ಮತ್ತೆ ಮೊದಲಿನ ರಾಜಿಯಾದದ್ದು. ಕಂಪನಿಯೇ ಲ್ಯಾಪ್‌ಟಾಪ್ ಕೊಟ್ಟಿತ್ತು. ಅದಕ್ಕೊಂದು ಬಟ್ಟೆಯ ಚೀಲ ಹೊಲಿದು, ಅದರ ಮೇಲೆ ಹೂವಿನ ಕಸೂತಿ ಹಾಕಿದ್ದಳು.

ತೊಂದರೆ ಶುರುವಾದದ್ದು ಆ ಲ್ಯಾಪ್‌ಟಾಪಿನಿಂದಲೇ. ರಾಜಿಯ ಪಾಳಿ ಬೆಳಿಗ್ಗೆ ಬೇಗ ಶುರುವಾಗಿ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಪೂರ್ತಿ ಆಫ್ ಮಾಡಬಾರದು, ಮುಚ್ಚಳ ಮುಚ್ಚಿ ಸ್ಲೀಪ್‌ನಲ್ಲಿ ಬಿಡಬೇಕು ಎಂಬುದು ಕಂಪನಿಯ ನಿಯಮ. ಅವಳು ಹಾಗೆಯೇ ಬಿಡುತ್ತಿದ್ದಳು. ಆದರೆ ದಿನವೂ ಸಂಜೆ ಅದು ಎಚ್ಚರಾಗುತ್ತಿತ್ತು. ಎಚ್ಚರಾದದ್ದು ದಿಂಡಿಗಲ್ಲಿನಲ್ಲಿ ಕುಳಿತವರಿಗೆ ಕಾಣುತ್ತಿತ್ತು. ರೋಗಿಗಳ ವಿವರ ಇರುವ ಲ್ಯಾಪ್‌ಟಾಪನ್ನು ಬೇರೆಯವರ ಕೈಗೆ ಕೊಡುತ್ತಿದ್ದೀರಿ, ನಿಮ್ಮ ಗಂಡ ನೋಡುತ್ತಿರಬೇಕು ಎಂದು ಮೇಲ್ವಿಚಾರಕಿ ಗದರಿದಳು. ಗಂಡ ಆ ಹೊತ್ತಿಗೆ ಮೆಣಸಿನಕಾಯಿ ಮೂಟೆ ಹೇರಿಕೊಂಡು ಎಲ್ಲೋ ಘಟ್ಟ ಹತ್ತುತ್ತಿರುತ್ತಾನೆ ಎಂದರೆ ಅವಳು ನಂಬಲಿಲ್ಲ. ವಾರ ಮುಗಿಯುವುದರೊಳಗೆ ಕಾರಣ ತಿಳಿಸಿ, ಇಲ್ಲವಾದರೆ ಲ್ಯಾಪ್‌ಟಾಪ್ ಹಿಂದಿರುಗಿಸಿ ಎಂದುಬಿಟ್ಟಳು.

ರಾಜಿ ಫೋನಿನಲ್ಲಿ ಅಳುತ್ತಿದ್ದಳು. “ಅಣ್ಣಿ, ನಾ ಮುಟ್ಟೇ ಇಲ್ಲೆ. ಅವ್ರು ನಂಬೂದಿಲ್ಲೆ. ಈ ವೇಲೆ ಹೋದ್ರೆ ನಂಗೆ ಬೇರೆ ವೇಲೆ ಯಾರು ಕೊಡ್ತಾರೆ?” ಎಂದಳು. ನಮ್ಮ ಕಡೆ ಅತ್ತಿಗೆಗೆ ಅಣ್ಣಿ, ಕೆಲಸಕ್ಕೆ ವೇಲೆ. ಅಂಗಡಿಯನ್ನು ಪಕ್ಕದವರಿಗೆ ಒಪ್ಪಿಸಿ ಮರುದಿನವೇ ಬಸ್ ಹತ್ತಿದೆ.

ಹೋದವಳೇ ಮೇಲ್ವಿಚಾರಕಿಗೆ ಫೋನ್ ಮಾಡಿ, ಒಳಗಿನ ಸೆಟ್ಟಿಂಗ್ ಬದಲಿಸಲು ಒಪ್ಪಿಗೆ ಪಡೆದೆ. ನಿದ್ದೆಯಲ್ಲಿರುವ ಲ್ಯಾಪ್‌ಟಾಪನ್ನು ಎಬ್ಬಿಸಬಲ್ಲವು ಕೆಲವೇ: ಮೌಸ್, ಕೀಬೋರ್ಡ್, ನೆಟ್‌ವರ್ಕ್, ಮುಚ್ಚಳ, ಇಲ್ಲವೇ ಅಪ್‌ಡೇಟ್‌ಗೆಂದು ಒಳಗೇ ಇಟ್ಟಿರುವ ಅಲಾರಂ. ಅಲಾರಂ ಇರಲಿಲ್ಲ. ಮೌಸಿಗೂ ನೆಟ್‌ವರ್ಕಿಗೂ ಇದ್ದ ಎಬ್ಬಿಸುವ ಅಧಿಕಾರವನ್ನು ಕಿತ್ತುಕೊಂಡೆ. ಕೊನೆಯ ಸಲ ನಿನ್ನನ್ನು ಎಬ್ಬಿಸಿದ್ದು ಯಾರು ಎಂದು ಅದನ್ನೇ ಕೇಳುವ ಒಂದು ಕಮಾಂಡ್ ಇದೆ. ಕೇಳಿದೆ. ಗೊತ್ತಿಲ್ಲ ಎಂದಿತು. ಇದೇನೂ ಹೊಸದಲ್ಲ, ಎಷ್ಟೋ ಲ್ಯಾಪ್‌ಟಾಪುಗಳು ಹಾಗೇ ಹೇಳುತ್ತವೆ. ಸಂಜೆ ನೋಡೋಣ ಎಂದು ಅದರ ಎದುರಿಗೇ ಕುರ್ಚಿ ಹಾಕಿಕೊಂಡು ಕುಳಿತೆ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮವರಲ್ಲಿ ದೇವರಾವು ಎಂದು ಇರುತ್ತವೆ. ದೇವರಿಗೆ ಬಿಟ್ಟ ದನಗಳ ಮಂದೆ ಅದು. ಅವುಗಳ ಹಾಲು ಕರೆಯುವುದಿಲ್ಲ, ನೊಗಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ. ಮಂದೆಗೆ ಒಡೆಯನಾಗಿ ಒಂದು ಗೂಳಿ, ಅದಕ್ಕೆ ಪಟ್ಟದಾವು ಎಂದು ಹೆಸರು. ಬೆಳಿಗ್ಗೆ ಬೆಟ್ಟದ ಬುಡಕ್ಕೆ ಮೇಯಲು ಹೋಗಿ ಸಂಜೆ ದೊಡ್ಡಿಗೆ ಮರಳುವಾಗ ಅವು ರಾಜಿಯ ಬೀದಿಯಲ್ಲೇ ಹಾದುಹೋಗುತ್ತವೆ. ಆ ಹೊತ್ತಿನಲ್ಲಿ ಆ ಬೀದಿಯ ಯಾವ ಮನೆಯಲ್ಲೂ ಯಾರೂ ಮಲಗಿರುವುದಿಲ್ಲ, ಕುಳಿತಿರುವುದೂ ಇಲ್ಲ. ಜ್ವರ ಬಂದವರೂ ಗೋಡೆ ಹಿಡಿದು ಎದ್ದು ನಿಲ್ಲುತ್ತಾರೆ.

ಗಂಟೆಯ ಸದ್ದು ಬೀದಿಯ ತುದಿಯಲ್ಲಿ ಕೇಳಿತು. ರಾಜಿ ಕೋಲು ಊರಿ ಎದ್ದಳು. ಅತ್ತೆ ಬಾಗಿಲ ಚೌಕಟ್ಟು ಹಿಡಿದು ಎದ್ದರು. ಚಿಕ್ಕಂದಿನ ರೂಢಿ, ನಾನೂ ಎದ್ದೆ. ಮೇಜಿನ ಮೇಲೆ ಮುಚ್ಚಿಟ್ಟಿದ್ದ ಲ್ಯಾಪ್‌ಟಾಪಿನ ಪಕ್ಕದ ಪುಟ್ಟ ದೀಪ ಹತ್ತಿತು, ಒಳಗೆ ಫ್ಯಾನ್ ತಿರುಗತೊಡಗಿತು.

ನನಗೆ ನಗು ತಡೆಯಲಾಗಲಿಲ್ಲ. ಅತ್ತೆಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. “ದೇವರಾವು ಬತ್ತವೆ ಅಂದ್ರೆ ಮನೇಲಿರೋರೆಲ್ಲ ಏಳ್ತಾರೆ. ಅದೂ ಈ ಮನೇಲೇ ಅಲ್ವಾ ಇರೋದು?” ಎಂದರು. ಕಂಪನಿಯವರು ಸುಮ್ಮನೆ ಸೊಸೆಯನ್ನು ಗೋಳು ಹೊಯ್ದುಕೊಳ್ಳುತ್ತಿದ್ದಾರೆ ಎಂಬುದು ಅವರ ತಕರಾರು.

ನನಗೆ ಕಾರಣ ಸಿಕ್ಕಿದಂತೆಯೇ ಆಗಿತ್ತು. ಮೇಜು ಬೀದಿಯ ಗೋಡೆಗೆ ತಾಗಿತ್ತು. ಅಷ್ಟು ದನಗಳು ಒಟ್ಟಿಗೆ ನಡೆದರೆ ಗೋಡೆ ಅದುರುತ್ತದೆ. ಮುಚ್ಚಳ ಮುಚ್ಚಿದೆಯೇ ತೆರೆದಿದೆಯೇ ಎಂದು ತಿಳಿಯಲು ಒಳಗೊಂದು ಸಣ್ಣ ಅಯಸ್ಕಾಂತ ಇರುತ್ತದೆ. ಮುಚ್ಚಳದ ಕೀಲು ಸಡಿಲವಾಗಿದ್ದರೆ ಅದುರಾಟಕ್ಕೆ ಮುಚ್ಚಳ ತೆರೆಯಿತೆಂದು ಅದು ಮೋಸಹೋಗುತ್ತದೆ. ಇಷ್ಟೇ ತಾನೇ ಎಂದು ಮರುದಿನ ಲ್ಯಾಪ್‌ಟಾಪನ್ನು ಒಳಕೋಣೆಯ ಹಾಸಿಗೆಯ ಮೇಲೆ, ಎರಡು ದಿಂಬಿನ ನಡುವೆ ಮಲಗಿಸಿದೆ. ಸಂಜೆ ದಿಂಬಿನ ನಡುವೆಯೇ ಎಚ್ಚರಾಯಿತು.

ನನ್ನ ಹಟ ಏರಿತು. ಮೇಲ್ವಿಚಾರಕಿಗೆ ಹೇಳಿಯೇ ಅದನ್ನು ತೇನಿಗೆ ತಂದು ಅಂಗಡಿಯ ಮೇಜಿನ ಮೇಲಿಟ್ಟೆ. ಬೇಕೆಂದೇ ಮೇಜು ಗುದ್ದಿದೆ, ಮುಚ್ಚಳ ಅಲುಗಿಸಿದೆ. ಎದುರಿಗೆ ಬಸ್ಸು ಲಾರಿಗಳು ಗುಡುಗಿಕೊಂಡು ಹೋದವು. ಸಂಜೆಯಾಯಿತು, ಕತ್ತಲಾಯಿತು, ಅದು ಹಾಲು ಕುಡಿದ ಮಗುವಿನ ಹಾಗೆ ಮಲಗಿತ್ತು. ಯಂತ್ರ ಸರಿಯಿದೆ ಎಂದು ಖುಷಿಪಡುವ ಸ್ಥಿತಿ ನನ್ನದಲ್ಲ. ಯಂತ್ರ ಸರಿಯಿದೆ ಎಂದರೆ ತಪ್ಪು ರಾಜಿಯ ಮನೆಯವರದು ಎಂದು ಕಂಪನಿ ಬರೆದುಕೊಳ್ಳುತ್ತದೆ. ಆ ರಾತ್ರಿ ನನಗೆ ಊಟ ರುಚಿಸಲಿಲ್ಲ.

ಗಡುವಿನ ದಿನ ಮತ್ತೆ ಅವಳ ಮನೆಗೆ ಹೋದೆ. ಅಲ್ಲಿ ನನ್ನ ಅದೃಷ್ಟವೋ ಎಂಬಂತೆ ನೀರಿನ ಪೈಪು ಹಾಕಲು ಬೀದಿಯನ್ನು ಅಡ್ಡಕ್ಕೆ ಅಗೆದುಬಿಟ್ಟಿದ್ದರು. ದೇವರಾವುಗಳನ್ನು ಹಿಂದಿನ ಬೀದಿಯಿಂದ ಹೊಡೆದುಕೊಂಡು ಹೋಗುತ್ತಾರೆ ಎಂದರು. ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕೇ? ದನ ಬಾರದ ದಿನ ಲ್ಯಾಪ್‌ಟಾಪ್ ಎಚ್ಚರಾಗದಿದ್ದರೆ ಅದುರಾಟವೇ ಕಾರಣ ಎಂದು ಧೈರ್ಯವಾಗಿ ಬರೆಯಬಹುದು. ಮುಚ್ಚಳದ ತಂಟೆಯೇ ಬೇಡವೆಂದು ಆ ಸೆಟ್ಟಿಂಗನ್ನೂ ತೆಗೆದುಹಾಕಿ, ಮುಚ್ಚಳವನ್ನು ಪೂರ್ತಿ ತೆರೆದೇ ಇಟ್ಟು, ಪರದೆ ಬಾಗಿಲ ಕಡೆ ಇರುವಂತೆ ಕೋಣೆಯ ನಡುವೆ ಸ್ಟೂಲಿನ ಮೇಲಿಟ್ಟು ಮಲಗಿಸಿದೆ.

ಸಂಜೆ ಪಕ್ಕದ ಮನೆಯಾಕೆ ಬಂದು, ದೇವರಾವುಗಳೆಲ್ಲ ಆಗಲೇ ದೊಡ್ಡಿ ಸೇರಿದವು ಎಂದು ಹೇಳಿ ಹೋದಳು. ಲ್ಯಾಪ್‌ಟಾಪ್ ಕಪ್ಪಗೇ ಇತ್ತು. ನನಗೆ ಹೋದ ಜೀವ ಬಂದಂತಾಯಿತು. ರಾಜಿ ಮಂಚದ ಮೇಲೆ ಕುಳಿತು ಸೊಂಟಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಅತ್ತೆ ಮೂಲೆಯಲ್ಲಿ ಹುಣಸೆ ಬಿಡಿಸುತ್ತಿದ್ದರು. ನಾನು ನೆಲದ ಮೇಲೆ ಗೋಡೆಗೊರಗಿ ಕುಳಿತು, ಕಂಪನಿಗೆ ಕಳಿಸುವ ವರದಿಯನ್ನು ಫೋನಿನಲ್ಲಿ ಟೈಪ್ ಮಾಡುತ್ತಿದ್ದೆ. ಇದು ನನಗೆ ಚೆನ್ನಾಗಿ ನೆನಪಿದೆ. ಕಾಲು ಜೋಮು ಹಿಡಿದಿತ್ತು, ಬದಲಿಸಿ ಮಡಿಸಿಕೊಂಡೆ, ಅದೂ ನೆನಪಿದೆ.

ಪರದೆ ಬೆಳಗಿತು. ಗಂಟೆಯಿಲ್ಲ, ಗೊರಸಿನ ಸದ್ದಿಲ್ಲ. ಆ ಬೆಳಕು ಎದುರಿನ ಬಾಗಿಲ ಚೌಕಟ್ಟಿನ ಮೇಲೆ ಬಿದ್ದದ್ದನ್ನು ನೋಡಿದೆ. ಮೂವರೂ ಹೊರಗೆ ಬಂದೆವು. ಬೀದಿ ಖಾಲಿ. ಸ್ವಲ್ಪ ಹೊತ್ತಿಗೆ ಬೀದಿಯ ತಿರುವಿನಿಂದ ಪಟ್ಟದಾವು ಒಂದೇ ನಡೆದು ಬಂತು. ಬಂದು ಅಗೆದ ಗುಂಡಿಯ ಆಚೆ ದಡದಲ್ಲಿ ನಿಂತಿತು. ಅದರ ಕೊರಳಿಗೆ ಗಂಟೆ ಕಟ್ಟುವುದಿಲ್ಲ. ಅದರ ಹಿಂದೆಯೇ ಏದುಸಿರು ಬಿಡುತ್ತ ಕಾಯುವಾತ ಓಡಿಬಂದ. “ದೊಡ್ಡಿಗೆ ಹೋದ್ದು ತಿರುಗಿ ಬಂದ್ಬಿಡ್ತು ಅಮ್ಮಾ. ಪಳಗಿದ ದಾರಿ, ಬಿಡೂದಿಲ್ಲೆ” ಎಂದು ಅದನ್ನು ಪುಸಲಾಯಿಸಿ ಕರೆದುಕೊಂಡು ಹೋದ. ಅತ್ತೆ ಕೈಮುಗಿದು ನಿಂತಿದ್ದರು. ಒಳಗೆ ಬಂದ ಮೇಲೆ ನಾನು ಅರ್ಧ ಬರೆದ ವರದಿಯನ್ನು ಅಳಿಸಿಹಾಕಿದೆ.

ಅಷ್ಟರಲ್ಲಿ ರಾಜಿಯ ಫೋನ್ ಹೊಡೆದುಕೊಂಡಿತು. ಮೇಲ್ವಿಚಾರಕಿ. ಈಗಷ್ಟೇ ಮತ್ತೆ ಎಚ್ಚರಾಗಿದೆ, ಈಗ ಯಾರು ಮುಟ್ಟಿದರು ಎಂದು ಕೇಳುತ್ತಿದ್ದಳು. ಯಾರೂ ಇಲ್ಲ ಎಂದಷ್ಟೇ ಹೇಳಿದಳು ರಾಜಿ. ಫೋನ್ ಇಟ್ಟವಳು ಕಸೂತಿ ಹಾಕಿದ ಆ ಚೀಲದಲ್ಲಿ ಲ್ಯಾಪ್‌ಟಾಪನ್ನೂ ಚಾರ್ಜರನ್ನೂ ತುಂಬಿ ಬಾಗಿಲ ಬಳಿ ಇಟ್ಟಳು. ಇಷ್ಟು ವರ್ಷ ಕಲಿತ ವಿದ್ಯೆ ಮನೆಯವಳ ಕಷ್ಟಕ್ಕೆ ಆಗಿಬರಲಿಲ್ಲವಲ್ಲ ಎಂದು ನಾಚಿಕೆಯಾಯಿತು, ದುಃಖವೂ ಆಯಿತು. ಕೊನೆಯ ಬಸ್ಸಿಗೆ ತೇನಿಗೆ ಹೊರಟೆ.

ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುತ್ತಿದ್ದಾಗ ರಾಜಿ ಫೋನ್ ಮಾಡಿದಳು. ಈ ಸಲ ನಗುತ್ತಿದ್ದಳು. “ಅಣ್ಣಿ, ವೇಲೆ ಉಳೀತು!” ವಿಷಯ ಇಷ್ಟೇ. ಆ ಲ್ಯಾಪ್‌ಟಾಪ್ ಎಚ್ಚರಾದ ಆ ಕ್ಷಣವೇ ಎದುರಿಗೆ ಯಾರಿದ್ದಾರೆಂದು ಒಂದು ಫೋಟೊ ತೆಗೆದು ಕಂಪನಿಗೆ ಕಳಿಸುವ ಏರ್ಪಾಡು ಇತ್ತಂತೆ. ಇಷ್ಟು ದಿನ ಮುಚ್ಚಳ ಮುಚ್ಚಿದ್ದರಿಂದ ಬರೀ ಕತ್ತಲೆ ಹೋಗುತ್ತಿತ್ತು, ಅದರಿಂದಲೇ ಅವರಿಗೆ ಅನುಮಾನ ಹೆಚ್ಚಾದದ್ದು. ನಿನ್ನೆ ನಾನು ಮುಚ್ಚಳ ತೆರೆದಿಟ್ಟಿದ್ದೆನಲ್ಲ, ಕೋಣೆ ಪೂರ್ತಿ ಬಂದಿತ್ತು. ಲ್ಯಾಪ್‌ಟಾಪಿನ ಹತ್ತಿರ ಯಾರೂ ಇಲ್ಲ. ಅದನ್ನು ನೋಡಿದ ಮೇಲೆ ಮೇಲ್ವಿಚಾರಕಿ ತಾನೇ ಫೋನ್ ಮಾಡಿ, ತಪ್ಪು ತಿಳಿದೆ ಎಂದು ಹೇಳಿ, ಬೇರೆ ಲ್ಯಾಪ್‌ಟಾಪ್ ಕಳಿಸುತ್ತೇವೆ ಎಂದಳಂತೆ, ಆ ಫೋಟೊವನ್ನೂ ಕಳಿಸಿದಳಂತೆ. ನನಗಾದ ಸಂತೋಷಕ್ಕೆ ಪಕ್ಕದ ಅಂಗಡಿಯವರಿಗೆಲ್ಲ ಟೀ ಹೇಳಿದೆ. ಟೀ ಕುಡಿಯುತ್ತ, ರಾಜಿ ಕಳಿಸಿದ ಆ ಫೋಟೊ ತೆರೆದೆ.

ಫೋಟೊದಲ್ಲಿ ಬಾಗಿಲು ತೆರೆದಿದೆ. ಆಚೆ ಕೆಮ್ಮಣ್ಣಿನ ರಾಶಿ, ಖಾಲಿ ಬೀದಿ. ಗೂಳಿ ಇನ್ನೂ ಬಂದಿಲ್ಲ. ಕೋಣೆಯ ಒಳಗೆ ನಾವು ಮೂವರು. ಮೂವರೂ ಎದ್ದು ನಿಂತಿದ್ದೇವೆ. ಕ್ಯಾಮೆರಾಕ್ಕೆ ಬೆನ್ನು, ಮುಖ ಬೀದಿಯ ಕಡೆಗೆ. ರಾಜಿಯ ಕೈಯಲ್ಲಿ ಕೋಲಿದೆ. ನನ್ನ ಕೈಯಲ್ಲಿ ಫೋನ್ ಇಲ್ಲ, ಅದು ಗೋಡೆಯ ಬಳಿ ನೆಲದ ಮೇಲೆ ಬಿದ್ದಿದೆ.

ರಾಜಿಯನ್ನು ಕೇಳಿದೆ. ತಾನು ಮಂಚದ ಮೇಲೆಯೇ ಇದ್ದೆ, ಬೆಳಕು ಕಂಡ ಮೇಲೆ ಎದ್ದೆ ಎಂದು ಅವಳೂ ಆಣೆ ಮಾಡಿದಳು. ಮುಂದಿನ ಸಲ ಅವಳ ಮನೆಗೆ ಹೋಗಿ ಅತ್ತೆಯನ್ನು ಕೇಳಿದಾಗ ಅವರು ಹುಣಸೆಯಿಂದ ಕಣ್ಣು ತೆಗೆಯದೆ, “ನಾ ಎದ್ದಿದ್ದು ಯಾಕೆ ಅಂತ ನಂಗೆ ಗೊತ್ತು ನನ್ ಕಣ್ಣೇ. ನೀ ಎದ್ದಿದ್ದು ನೀನೇ ಹೇಳ್ಬೇಕು” ಎಂದರು.

ಹೊಸ ಲ್ಯಾಪ್‌ಟಾಪ್ ಬಂತು, ಹಳೆಯದು ದಿಂಡಿಗಲ್ಲಿಗೆ ಹೋಯಿತು. ಹೊಸದು ಸಂಜೆ ಎಚ್ಚರಾಗುವುದಿಲ್ಲ. ರಾಜಿ ಈಗಲೂ ಅದೇ ಕೆಲಸದಲ್ಲಿದ್ದಾಳೆ. ಹಳೆಯದರ ಬಗ್ಗೆ ಯಾರಾದರೂ ಕೇಳಿದರೆ ಬೋರ್ಡಿನಲ್ಲೇ ದೋಷವಿತ್ತು ಎಂದು ಹೇಳುತ್ತೇನೆ, ಇದ್ದರೂ ಇರಬಹುದು. ಆ ಫೋಟೊ ನನ್ನ ಫೋನಿನಲ್ಲಿದೆ, ಆಗಾಗ ದೊಡ್ಡದು ಮಾಡಿ ನೋಡುತ್ತೇನೆ. ಸೀರೆ ನನ್ನದೇ, ಜಡೆ ನನ್ನದೇ. ಆದರೆ ಎದ್ದದ್ದು ನನಗೆ ನೆನಪಿಲ್ಲ.